ಎಲೆಕ್ಟ್ರಿಕ್ ಕಾರಿನಲ್ಲಿ ವಿಜಯಪುರದಿಂದ ಹುಬ್ಬಳ್ಳಿಗೆ, ಬೆಳಗಾವಿಯಿಂದ ಗೋವಾಕ್ಕೆ: ಚಾರ್ಜಿಂಗ್ ಲೆಕ್ಕ ಹಾಕುವುದು ಹೀಗೆ

"ವಿಜಯಪುರದಿಂದ ಹುಬ್ಬಳ್ಳಿಗೆ ಹೋಗಾಕ ಆಗ್ತದೇನ್ರಿ? ನಡುವ ಚಾರ್ಜ್ ಮುಗಿದ್ರ ಏನ್ ಮಾಡೂದು?" ಎಲೆಕ್ಟ್ರಿಕ್ ಕಾರು ತಗೊಂಡವರು, ತಗೋಬೇಕು ಅಂತ ಇರುವವರು, ಮದುವೆ ಮನೆಯಲ್ಲಿ ಸಿಕ್ಕವರು, ಎಲ್ಲರೂ ಕೇಳುವುದು ಇದನ್ನೇ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿದೆ. ಅದಕ್ಕೆ ಒಂದೇ ಸಲ ಕೂತು ಬರೆದಿದ್ದೇನೆ.

ಹೋಗಬಹುದು. ಆರಾಮಾಗಿ ಹೋಗಬಹುದು. ಆದರೆ ಹಿಂದಿನ ರಾತ್ರಿ ಹದಿನೈದು ನಿಮಿಷ ಲೆಕ್ಕ ಹಾಕಬೇಕು, ಅಷ್ಟೇ. ಬೆಳಗಾವಿಯವರಿಗೆ ಈ ಕೆಲಸ ಸುಲಭ, ಯಾಕಂದ್ರೆ ಪುಣೆ–ಬೆಂಗಳೂರು ಹೆದ್ದಾರಿ (ಎನ್‌ಎಚ್ 48) ಅವರ ಊರಿನ ಮೇಲೇ ಹೋಗುತ್ತದೆ, ಅದರಲ್ಲಿ ಚಾರ್ಜರ್‌ಗಳು ಹತ್ತಿರ ಹತ್ತಿರ ಸಿಗುತ್ತವೆ. ನಮ್ಮ ಕಡೆ, ಅಂದರೆ ಸೊಲ್ಲಾಪುರ–ವಿಜಯಪುರ–ಹುಬ್ಬಳ್ಳಿಯ ಎನ್‌ಎಚ್ 52 ಮತ್ತು ವಿಜಯಪುರದಿಂದ ಹುನಗುಂದ, ಹೊಸಪೇಟೆ, ಚಿತ್ರದುರ್ಗಕ್ಕೆ ಹೋಗುವ ಎನ್‌ಎಚ್ 50ರಲ್ಲಿ ಅಷ್ಟು ದಟ್ಟವಾಗಿಲ್ಲ. ಹಾಗಾಗಿ ಕೆಳಗೆ ಹೇಳಿರುವುದು ಎಲ್ಲವೂ ಒಂದೇ ನಿಯಮದ ಮೇಲೆ ನಿಂತಿದೆ: ಎರಡನೇ ಚಾರ್ಜರ್ ಮುಟ್ಟುವಷ್ಟು ಚಾರ್ಜ್ ಉಳಿಸಿಕೊಂಡೇ ಮೊದಲನೇ ಚಾರ್ಜರ್‌ಗೆ ಹೋಗಬೇಕು.

ಹೊರಡುವ ಮುಂಚೆ ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಕಾರಿನ ಜೊತೆ ಕೊಟ್ಟ, ಮನೆಯ ದೊಡ್ಡ ಪ್ಲಗ್ಗಿಗೆ ಹಚ್ಚುವ 15 ಆಂಪ್‌ನ ಪೋರ್ಟೆಬಲ್ ಚಾರ್ಜರ್ ಡಿಕ್ಕಿಯಲ್ಲಿರಲಿ. ಇದನ್ನು ಮನೆಯಲ್ಲೇ ಬಿಟ್ಟು ಬರುವವರು ಬಹಳ ಜನ. ಫೋನಿನಲ್ಲಿ ಮೂರ‍್ನಾಲ್ಕು ಚಾರ್ಜಿಂಗ್ ಆ್ಯಪ್, ಅವುಗಳಲ್ಲಿ ಸ್ವಲ್ಪ ದುಡ್ಡು. ಟೈರಿಗೆ ಗಾಳಿ ಹಾಕುವ ಸಣ್ಣ ಪಂಪ್. ಒಂದು ಚೀಟಿ, ಒಂದು ಪೆನ್ನು.

1. ಕಿಲೋಮೀಟರ್ ಬಿಡಿ, ಯೂನಿಟ್ ಹಿಡಿಯಿರಿ

ಬ್ಯಾಟರಿಯ ಅಳತೆ ಕಿಲೋವ್ಯಾಟ್-ಅವರ್. ಹೆದರಬೇಡಿ, ಅದು ನಿಮ್ಮ ಮನೆ ಕರೆಂಟ್ ಬಿಲ್ಲಿನಲ್ಲಿ ಬರುವ 'ಯೂನಿಟ್' ಅಷ್ಟೇ. 30 ಕಿಲೋವ್ಯಾಟ್-ಅವರ್ ಬ್ಯಾಟರಿ ಅಂದರೆ 30 ಯೂನಿಟ್ ತುಂಬುವ ಕೊಡ. ಕಿಲೋವ್ಯಾಟ್ ಅನ್ನುವುದು ಬೇರೆ, ಅದು ಆ ಕೊಡಕ್ಕೆ ನೀರು ಬೀಳುವ ವೇಗ. 30 ಕಿಲೋವ್ಯಾಟ್ ಚಾರ್ಜರ್ ಒಂದು ತಾಸಿಗೆ 30 ಯೂನಿಟ್ ಸುರಿಯಬಲ್ಲದು. ಈ ಎರಡನ್ನು ಕಲಸಿಕೊಂಡರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಇನ್ನು ಕಂಪನಿ ಹೇಳುವ ರೇಂಜ್, ಅಂದರೆ ಫುಲ್ ಚಾರ್ಜಿಗೆ ಇಷ್ಟು ಕಿಲೋಮೀಟರ್ ಅನ್ನುವ ಅಂಕಿ. ಅದು ಸುಳ್ಳಲ್ಲ, ಆದರೆ ನಿಮ್ಮ ರಸ್ತೆಯದ್ದಲ್ಲ. ಆ ಅಂಕಿ ತೆಗೆಯುವ ಪರೀಕ್ಷೆ ಮಾಡುವುದು ಒಳಾಂಗಣದಲ್ಲಿ, ರೋಲರ್ ಮೇಲೆ ಕಾರು ನಿಲ್ಲಿಸಿ. ನಮ್ಮ ದೇಶದ ಪರೀಕ್ಷೆಯಲ್ಲಿ ಗರಿಷ್ಠ ವೇಗವೇ 90. ಎಸಿ ಇಲ್ಲ, ಎದುರುಗಾಳಿ ಇಲ್ಲ, ಹಿಂದಿನ ಸೀಟಿನಲ್ಲಿ ಮೂವರು ಇಲ್ಲ, ಡಿಕ್ಕಿಯಲ್ಲಿ ಜೋಳದ ಚೀಲ ಇಲ್ಲ. ಟಾಟಾ ನೆಕ್ಸಾನ್‌ನ 30 ಯೂನಿಟ್ ಬ್ಯಾಟರಿಯ ಕಾರಿಗೆ 325 ಕಿಮೀ ಅಂತ ಹೇಳಿದ್ದರು. ಹೆದ್ದಾರಿಯಲ್ಲಿ ಅದರಿಂದ 200ರ ಆಸುಪಾಸು ಅಂತ ಹಿಡಿದರೆ ನೆಮ್ಮದಿ.

ನಾನು ಹಿಡಿಯುವ ಲೆಕ್ಕ ಹೀಗೆ. ಸಣ್ಣ ಎಸ್‌ಯುವಿ ಗಾತ್ರದ ಕಾರಾದರೆ, 80ರ ವೇಗದಲ್ಲಿ ಒಂದು ಯೂನಿಟ್ಟಿಗೆ 7 ಕಿಮೀ. 100ರಲ್ಲಿ ಹೋದರೆ ಐದೂವರೆ, ಹೆಚ್ಚೆಂದರೆ ಆರು. ಊರೊಳಗೆ 8ರ ಮೇಲೂ ಬರುತ್ತದೆ. ಪೆಟ್ರೋಲ್ ಕಾರಿಗೆ ಇದು ಉಲ್ಟಾ ಅಲ್ವಾ? ಹೆದ್ದಾರಿಗೆ ಬಂದರೆ ಮೈಲೇಜ್ ಜಾಸ್ತಿ ಅಂತ ನಮಗೆ ರೂಢಿಯಾಗಿದೆ. ಎಲೆಕ್ಟ್ರಿಕ್ ಕಾರು ಊರೊಳಗೆ ಬ್ರೇಕ್ ಹಿಡಿದಾಗಲೆಲ್ಲ ಒಂದಿಷ್ಟು ಕರೆಂಟ್ ವಾಪಸ್ ತುಂಬಿಕೊಳ್ಳುತ್ತದೆ, ಇದಕ್ಕೆ ರೀಜೆನ್ ಅನ್ನುತ್ತಾರೆ. ಹೆದ್ದಾರಿಯಲ್ಲಿ ಬ್ರೇಕೇ ಕಡಿಮೆ, ಗಾಳಿಯ ತಡೆ ಜಾಸ್ತಿ. 80ರಿಂದ 100ಕ್ಕೆ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟು ಆಗುತ್ತದೆ. ಇದೇ ಕಾರಣಕ್ಕೆ ಮುಧೋಳ, ಜಮಖಂಡಿ ಕಡೆ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಬಿದ್ದ ದಿನ ರೇಂಜ್ ಭಾರೀ ಬರುತ್ತದೆ, ತಲೆ ಮಾತ್ರ ಕೆಡುತ್ತದೆ.

ನಿಮ್ಮ ಕಾರಿನ ಅಂಕಿ ನಿಮಗೇ ಗೊತ್ತಾಗಬೇಕಾದರೆ ಒಂದು ಭಾನುವಾರ ಬೆಳಿಗ್ಗೆ ವಿಜಯಪುರದಿಂದ ಕೊಲ್ಹಾರಕ್ಕೆ ಹೋಗಿ ಬನ್ನಿ. ಮೊಸರು ತಗೊಂಡು ಬನ್ನಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ ಹೊರಟು, ವಾಪಸ್ ಬಂದಾಗ ಎಷ್ಟು ಶೇಕಡಾ ಇಳಿದಿದೆ ನೋಡಿ. ಆ ಅಂಕಿಯನ್ನೇ ನಂಬಿ, ಡ್ಯಾಶ್‌ಬೋರ್ಡ್ ಮೇಲೆ ತೋರಿಸುವ 'ಇನ್ನು ಇಷ್ಟು ಕಿಮೀ' ಅನ್ನುವುದನ್ನಲ್ಲ. ಅದು ನೀವು ಇಲ್ಲಿಯವರೆಗೆ ಓಡಿಸಿದ್ದನ್ನು ನೋಡಿ ಹೇಳುತ್ತದೆ, ಮುಂದಿನ ರಸ್ತೆ ಅದಕ್ಕೆ ಗೊತ್ತಿಲ್ಲ.

2. ಬಿಸಿಲು, ಗಾಳಿ, ಹೊರೆ: ಇವನ್ನು ಮೊದಲೇ ಕಳೆಯಿರಿ

ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಎಸಿ ತಾಸಿಗೆ ಒಂದರಿಂದ ಒಂದೂವರೆ ಯೂನಿಟ್ ತಿನ್ನುತ್ತದೆ. ಎರಡೂವರೆ ತಾಸಿನ ದಾರಿಗೆ ಮೂರು ಯೂನಿಟ್ ಅಂತ ಹಿಡಿದರೂ 20 ಕಿಮೀ ಹೋಯಿತು. ಎಸಿ ಬಂದ್ ಮಾಡಿ ಬೆವರುತ್ತಾ ಹೋಗಿ ಅಂತ ನಾನು ಹೇಳುವುದಿಲ್ಲ, ಲೆಕ್ಕಕ್ಕೆ ಹಿಡಿಯಿರಿ ಅಂತ ಹೇಳುತ್ತಿದ್ದೇನೆ. ಹೊರಡುವ ಮುಂಚೆ ಮನೆಯಲ್ಲಿ ಚಾರ್ಜರ್ ಹಚ್ಚಿದ್ದಾಗಲೇ ಎಸಿ ಹಾಕಿ ಕಾರು ತಣ್ಣಗೆ ಮಾಡಲು ನಿಮ್ಮ ಕಾರಿನಲ್ಲಿ ಅವಕಾಶವಿದ್ದರೆ, ಆ ಖರ್ಚು ಬ್ಯಾಟರಿಯದ್ದಲ್ಲ, ಮನೆ ಮೀಟರಿನದ್ದು.

ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ. ಗದಗ, ಚಿತ್ರದುರ್ಗದ ಕಡೆ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲ. ಮಳೆಗಾಲದ ಗಾಳಿ ನೈಋತ್ಯದಿಂದ ಬೀಸುತ್ತದೆ, ವಿಜಯಪುರದಿಂದ ಹುಬ್ಬಳ್ಳಿಗೆ ಹೋಗುವಾಗ ಸೀದಾ ಮುಖಕ್ಕೆ. ಬರುವಾಗ ಬೆನ್ನಿಗೆ. ಹೋಗುವಾಗ ಶೇಕಡಾ 10 ಹೆಚ್ಚು ಇಟ್ಟುಕೊಳ್ಳಿ. ಟಾಪ್ ಮೇಲೆ ಕ್ಯಾರಿಯರ್ ಹಾಕಿ ಲಗೇಜ್ ಕಟ್ಟಿದರೆ ಇನ್ನೂ ಜಾಸ್ತಿ. ಟೈರಿನ ಗಾಳಿ ಕಡಿಮೆ ಇದ್ದರೂ ಹಾಗೇ.

3. ಚಾರ್ಜರ್ ಹುಡುಕುವುದು

ಇಲ್ಲೇ ಹೊಸಬರು ಎಡವುವುದು. ಮ್ಯಾಪಿನಲ್ಲಿ ಹಸಿರು ಗುರುತು ಕಂಡರೆ ಚಾರ್ಜರ್ ಇದೆ ಅಂದುಕೊಳ್ಳುತ್ತಾರೆ.

ಮೊದಲು ನಿಮ್ಮ ಕಾರಿನ ಗನ್ ಯಾವುದು ತಿಳಿದುಕೊಳ್ಳಿ. ಗನ್ ಅಂದರೆ ಚಾರ್ಜರ್ ವೈರಿನ ತುದಿಯ ಹಿಡಿಕೆ. ಈಗಿನ ಬಹುತೇಕ ಕಾರುಗಳಿಗೆ ಫಾಸ್ಟ್ ಚಾರ್ಜಿಂಗ್‌ಗೆ ಸಿಸಿಎಸ್-2, ನಿಧಾನದ ಚಾರ್ಜಿಂಗ್‌ಗೆ ಟೈಪ್-2. ಎಂಜಿ ಕಾಮೆಟ್‌ನಂಥ ಸಣ್ಣ ಕಾರಿಗೆ ಫಾಸ್ಟ್ ಚಾರ್ಜಿಂಗ್ ಇಲ್ಲವೇ ಇಲ್ಲ, ಅಂಥ ಕಾರು ಇದ್ದರೆ ಈ ಲೇಖನದ 5ನೇ ಹಂತವೇ ನಿಮ್ಮ ದಾರಿ. ಮ್ಯಾಪಿನಲ್ಲಿ ಕಾಣುವ ಕೆಲವು ಗುರುತು ಸ್ಕೂಟರ್, ಆಟೋಗಳದ್ದು. ಕೆಲವು ಮಹೀಂದ್ರಾ ಇ-ವೆರಿಟೊ ಕಾಲದ ಹಳೇ 15 ಕಿಲೋವ್ಯಾಟ್ ಚಾರ್ಜರ್, ಆ ಗನ್ ನಿಮ್ಮ ಕಾರಿಗೆ ಕೂರುವುದೇ ಇಲ್ಲ. ಕೆಲವು ಶೋರೂಮಿನ ಒಳಗಿವೆ, ಸಂಜೆ ಶಟರ್ ಎಳೆದರೆ ಮುಗಿಯಿತು. ಹಾಗಾಗಿ ಆ್ಯಪ್‌ನಲ್ಲಿ ಫಿಲ್ಟರ್ ಹಾಕಿ, 'ಸಿಸಿಎಸ್-2' ಮಾತ್ರ ತೋರಿಸುವಂತೆ ಮಾಡಿ.

ಆ್ಯಪ್ ಯಾವುದು? ಪ್ಲಗ್‌ಶೇರ್ ಎಲ್ಲ ಕಂಪನಿಯ ಚಾರ್ಜರ್ ತೋರಿಸುತ್ತದೆ, ಅದರ ಮುಖ್ಯ ಲಾಭ ಬೇರೆ ಚಾಲಕರು ಬರೆದ ಟಿಪ್ಪಣಿ. ಬೆಸ್ಕಾಂನ ಇವಿ ಮಿತ್ರ ಇದೆ. ದುಡ್ಡು ಕಟ್ಟಲು ಆಯಾ ಕಂಪನಿಯದ್ದೇ ಬೇಕು: ಟಾಟಾ ಪವರ್, ಸ್ಟ್ಯಾಟಿಕ್, ಜಿಯೋ-ಬಿಪಿ ಹೀಗೆ. ನಿಮ್ಮ ದಾರಿಯಲ್ಲಿ ಯಾವುದು ಬರುತ್ತದೋ ಅದನ್ನು ಮನೆಯ ವೈಫೈನಲ್ಲೇ ಹಾಕಿಕೊಂಡು, ಒಟಿಪಿ ಮುಗಿಸಿ, ನೂರಿನ್ನೂರು ರೂಪಾಯಿ ತುಂಬಿಡಿ. ಚಾರ್ಜರ್ ಮುಂದೆ ನಿಂತು, ಒಂದೇ ಕಡ್ಡಿ ಸಿಗ್ನಲ್‌ನಲ್ಲಿ ಒಟಿಪಿಗಾಗಿ ಫೋನು ಮೇಲೆತ್ತಿ ಹಿಡಿಯುವುದು ಯಾರಿಗೂ ಬೇಡ.

ಆ್ಯಪ್‌ನಲ್ಲಿ 'ಲಭ್ಯ' ಅಂತ ಬಂದರೆ ಅದನ್ನೂ ನಂಬಬೇಡಿ. ಒಮ್ಮೆ ನಾನು ಶೇಕಡಾ 16 ಇಟ್ಟುಕೊಂಡು ಒಂದು ಚಾರ್ಜರ್ ಮುಟ್ಟಿದೆ. ಆ್ಯಪ್‌ನಲ್ಲಿ ಹಸಿರು. ಅಲ್ಲಿ ಸ್ಕ್ರೀನ್ ಕಪ್ಪು, ಗನ್ನಿನ ಮೇಲೆ ಜೇಡರ ಬಲೆ, ಚಾರ್ಜರ್ ನೆರಳಿನಲ್ಲಿ ಒಂದು ನಾಯಿ ಕಾಲು ಚಾಚಿ ಮಲಗಿತ್ತು. ಪಕ್ಕದ ಚಹಾದಂಗಡಿಯವರು "ಅದು ಬಂದ್ ಬಿದ್ದು ಎಂಟ್ ದಿನ ಆತ್ರಿ" ಅಂದರು. ಅವತ್ತಿನಿಂದ ಹಿಂದಿನ ದಿನ ಫೋನ್ ಮಾಡದೆ ಹೊರಡುವುದಿಲ್ಲ. ಬಂಕಿಗೋ ಹೋಟೆಲಿಗೋ ಫೋನ್ ಹಚ್ಚಿ ಇಷ್ಟು ಕೇಳಿ: ಇವತ್ತು ಯಾರಾದರೂ ಚಾರ್ಜ್ ಮಾಡಿದರಾ? ಗನ್ ಎಷ್ಟಿವೆ? ಕರೆಂಟ್ ಹೋದರೆ ಜನರೇಟರ್ ಮೇಲೆ ನಡೆಯುತ್ತದಾ? ರಾತ್ರಿ ಎಷ್ಟರವರೆಗೆ? "ಚಾರ್ಜರ್ ಐತೇನ್ರಿ?" ಅಂತ ಮಾತ್ರ ಕೇಳಿದರೆ "ಐತ್ರಿ" ಅಂತಲೇ ಉತ್ತರ ಬರುತ್ತದೆ.

ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಈ ಮೂರೂ ಜಿಲ್ಲೆ ಹೆಸ್ಕಾಂ ವ್ಯಾಪ್ತಿಯವು. ದುರಸ್ತಿಗಾಗಿ ಕರೆಂಟ್ ತೆಗೆಯುವ ದಿನ ಪತ್ರಿಕೆಯಲ್ಲಿ 'ವಿದ್ಯುತ್ ವ್ಯತ್ಯಯ' ಅಂತ ಬರುತ್ತದಲ್ಲ, ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ನಿಮ್ಮ ಊರಿನದ್ದಲ್ಲ, ನಡುವೆ ಚಾರ್ಜ್ ಮಾಡುವ ಊರಿನದ್ದು.

4. ಚೀಟಿಯ ಮೇಲೆ ಲೆಕ್ಕ: ವಿಜಯಪುರ–ಹುಬ್ಬಳ್ಳಿ

ಸುಮಾರು 200 ಕಿಮೀ. ಕಾರು 30 ಯೂನಿಟ್ಟಿನದ್ದು, ವೇಗ 80, ಯೂನಿಟ್ಟಿಗೆ 7 ಕಿಮೀ.

ಬಾಗಲಕೋಟೆ ಹತ್ತಿರ ಬರುವವರೆಗೆ ಸುಮಾರು 90 ಕಿಮೀ. 13 ಯೂನಿಟ್ ಹೋಯಿತು, ಅಂದರೆ ಶೇಕಡಾ 43. ಉಳಿದದ್ದು 57. ಅಲ್ಲಿಂದ ಕೆರೂರು, ನರಗುಂದ, ನವಲಗುಂದ ದಾಟಿ ಹುಬ್ಬಳ್ಳಿಗೆ 110 ಕಿಮೀ, ಅದಕ್ಕೆ 16 ಯೂನಿಟ್, ಶೇಕಡಾ 53. ನಿಲ್ಲಿಸದೆ ಹೋದರೆ ಹುಬ್ಬಳ್ಳಿಯಲ್ಲಿ ಶೇಕಡಾ 4. ಕಾಗದದ ಮೇಲೆ ಮುಟ್ಟಿದಿರಿ, ರಸ್ತೆಯ ಮೇಲೆ ಮುಟ್ಟುವುದಿಲ್ಲ.

ಅದಕ್ಕೆ ಬಾಗಲಕೋಟೆಯಲ್ಲಿ ನಿಲ್ಲಬೇಕು. 57ರಿಂದ 85ಕ್ಕೆ ಏರಿಸಿ. ಎಂಟೂವರೆ ಯೂನಿಟ್ ಆಗುತ್ತದೆ. 25 ಕಿಲೋವ್ಯಾಟ್ ವೇಗದಲ್ಲಿ ಬಂದರೆ 20 ನಿಮಿಷ. ಒಂದು ಚಹಾ, ಒಂದು ಗಿರ್ಮಿಟ್. ಹುಬ್ಬಳ್ಳಿ ಮುಟ್ಟಿದಾಗ ಕೈಯಲ್ಲಿ 30ರ ಮೇಲೆ ಇರುತ್ತದೆ. ಖರ್ಚು? ಸಾರ್ವಜನಿಕ ಫಾಸ್ಟ್ ಚಾರ್ಜರ್‌ನಲ್ಲಿ ಯೂನಿಟ್ಟಿಗೆ 20 ರೂಪಾಯಿ ಆಸುಪಾಸು, ಅದರ ಮೇಲೆ 18% ಜಿಎಸ್‌ಟಿ. ಸುಮಾರು 200 ರೂಪಾಯಿ.

ಬಾಗಲಕೋಟೆಯ ಚಾರ್ಜರ್ ಕೆಟ್ಟಿದ್ದರೆ? ಕೈಯಲ್ಲಿ 57 ಇದೆ, ಅಂದರೆ ಸುಮಾರು 120 ಕಿಮೀ. ಊರಿನ ಇನ್ನೊಂದು ಚಾರ್ಜರ್ ನೋಡಬಹುದು, ಮುಂದಿನ ಊರಿಗೆ ಹೋಗಬಹುದು, ಯಾವುದೂ ಆಗದಿದ್ದರೆ ವಾಪಸ್ ಮನೆಗೂ ಬರಬಹುದು. ನಾನು ಮೇಲೆ ಹೇಳಿದ ನಿಯಮ ಇದೇ. "ಇಲ್ಲ, ಮೊದಲು ನರಗುಂದದವರೆಗೆ ಹೋಗಿ ಅಲ್ಲಿ ಮಾಡೋಣ" ಅಂತ ಆಸೆ ಆಗುತ್ತದೆ, ಬ್ಯಾಟರಿ ಖಾಲಿ ಇದ್ದಷ್ಟೂ ಚಾರ್ಜ್ ಬೇಗ ಏರುವುದೂ ನಿಜ. ಆದರೆ ಅಲ್ಲಿ ಕೈಕೊಟ್ಟರೆ ಹಿಂದೆ ಹೋಗಲೂ ಆಗುವುದಿಲ್ಲ, ಮುಂದೆ ಹೋಗಲೂ ಆಗುವುದಿಲ್ಲ.

45 ಯೂನಿಟ್ ಕಾರಿದ್ದವರು ಇದನ್ನೆಲ್ಲ ಬಿಟ್ಟು ಸೀದಾ ಹೋಗಬಹುದು, ಶೇಕಡಾ 35 ಉಳಿಯುತ್ತದೆ. ಅವರಿಗೆ ಲೆಕ್ಕ ಬೇಕಾಗುವುದು ಬೆಂಗಳೂರಿಗೆ ಹೋಗುವಾಗ. ಹೊಸಪೇಟೆಗೆ ಸುಮಾರು 200, ಅಲ್ಲಿಂದ ಚಿತ್ರದುರ್ಗಕ್ಕೆ 140ರ ಹತ್ತಿರ, ಮುಂದೆ ಬೆಂಗಳೂರಿಗೆ 200. ಊಟಕ್ಕೆ ಹೊಸಪೇಟೆ, ಚಹಾಕ್ಕೆ ಚಿತ್ರದುರ್ಗ. ಎರಡು ನಿಲುಗಡೆ ಸಾಕು.

5. ರಾತ್ರಿ ಚಾರ್ಜಿಂಗ್ ಮತ್ತು ಅರ್ಥಿಂಗ್ ಎಂಬ ತಲೆನೋವು

ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಹೋಗುವವರು ಬಾದಾಮಿಯಲ್ಲಿ ಉಳಿಯುತ್ತಾರೆ. ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿಮೀ, ಅಲ್ಲಿಂದ ಐಹೊಳೆಗೆ 14ರ ಹತ್ತಿರ. ಇಂಥ ಪ್ರವಾಸಕ್ಕೆ ಫಾಸ್ಟ್ ಚಾರ್ಜರ್ ಬೇಕಾಗಿಯೇ ಇಲ್ಲ. ಲಾಡ್ಜಿನಲ್ಲಿ ಪಾರ್ಕಿಂಗ್ ಹತ್ತಿರ ಒಂದು 15 ಆಂಪ್ ಪಾಯಿಂಟ್ ಸಾಕು, ಎಸಿ ಅಥವಾ ಗೀಸರ್ ಹಚ್ಚುವ ದೊಡ್ಡ ಪ್ಲಗ್ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ತಾಸಿಗೆ ಮೂರು ಯೂನಿಟ್ ಹತ್ತಿರ ಎಳೆಯುತ್ತದೆ. ರಾತ್ರಿ 9ಕ್ಕೆ ಹಚ್ಚಿದರೆ ಬೆಳಿಗ್ಗೆ 7ಕ್ಕೆ 30 ಯೂನಿಟ್ ಬ್ಯಾಟರಿ ಬಹುತೇಕ ತುಂಬಿರುತ್ತದೆ. ರೂಮ್ ಬುಕ್ ಮಾಡುವಾಗಲೇ ಕೇಳಿ, ಯೂನಿಟ್ ಲೆಕ್ಕದಲ್ಲಿ ದುಡ್ಡು ಕೊಡುತ್ತೇನೆ ಅಂತಲೂ ನೀವೇ ಹೇಳಿ. ಕೇಳದೆ ಹಚ್ಚಿದರೆ ಜಗಳ ಗ್ಯಾರಂಟಿ. ಜನವರಿಯಲ್ಲಿ ಬನಶಂಕರಿ ಜಾತ್ರೆ ಇದ್ದಾಗ ಪ್ಲಗ್ ಇರಲಿ, ರೂಮೇ ಸಿಗುವುದು ಕಷ್ಟ.

ಈಗ ತಲೆನೋವು. ಪ್ಲಗ್ ಹಚ್ಚುತ್ತೀರಿ, ಪೋರ್ಟೆಬಲ್ ಚಾರ್ಜರ್ ಮೇಲೆ ಕೆಂಪು ದೀಪ. ಕಾರು ಕೆಟ್ಟಿಲ್ಲ. ಆ ಪಾಯಿಂಟಿಗೆ ಅರ್ಥಿಂಗ್ ಸರಿಯಿಲ್ಲ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಮೂರನೇ ವೈರು ಹೆಸರಿಗೆ ಮಾತ್ರ ಇದೆ. ಹಳೇ ಮನೆಗಳಲ್ಲಿ, ಲಾಡ್ಜುಗಳಲ್ಲಿ ಇದು ಬಹಳ ಸಾಮಾನ್ಯ. ಫ್ರಿಜ್, ಮಿಕ್ಸರ್ ಇದನ್ನು ಕೇಳುವುದಿಲ್ಲ, ಕಾರು ಕೇಳುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಒಳ್ಳೆಯ ಅರ್ಥಿಂಗ್ ಕೂಡ ಕೈಕೊಡುತ್ತದೆ. ಮನೆಯ ಅರ್ಥಿಂಗ್ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ, ಅರ್ಧ ಸಮಸ್ಯೆ ಹೋಗುತ್ತದೆ.

ಕೆಲವು ಎಲೆಕ್ಟ್ರಿಶಿಯನ್‌ಗಳು "ಇಷ್ಟೇ ಏನ್ರಿ" ಅಂತ ನ್ಯೂಟ್ರಲ್ ವೈರನ್ನೇ ಅರ್ಥ್ ಪಿನ್ನಿಗೆ ಜೋಡಿಸಿ ಕೆಂಪು ದೀಪ ಆರಿಸಿ ಕೊಡುತ್ತಾರೆ. ಬೇಡ. ಯಾವ ಕಾರಣಕ್ಕೂ ಬೇಡ. ನ್ಯೂಟ್ರಲ್ ಎಲ್ಲೋ ಕಡಿದರೆ ಇಡೀ ಕಾರಿನ ಮೈಗೆ ಕರೆಂಟ್ ಬರುತ್ತದೆ. ಮಳೆಯಲ್ಲಿ ಮಗು ಬಂದು ಬಾಗಿಲು ಮುಟ್ಟಿದರೆ ಏನಾದೀತು ಯೋಚಿಸಿ.

ಎಕ್ಸ್‌ಟೆನ್ಶನ್ ವಿಚಾರವೂ ಅಷ್ಟೇ. ಟಿವಿಗೆ ಹಚ್ಚುವ ತೆಳ್ಳಗಿನ ಬೋರ್ಡ್ ಹತ್ತು ತಾಸು 14 ಆಂಪ್ ತಡೆಯುವುದಿಲ್ಲ, ಕರಗುತ್ತದೆ. 4 ಚದರ ಮಿಲಿಮೀಟರಿನ ತಾಮ್ರದ ಮೂರು ಎಳೆ ವೈರಿನಿಂದ ಒಂದು ಮಾಡಿಸಿ ಡಿಕ್ಕಿಯಲ್ಲಿಡಿ, ಸುತ್ತಿಟ್ಟೇ ಹಚ್ಚಬೇಡಿ, ಪೂರಾ ಬಿಚ್ಚಿ ಹಾಸಿ. ಅರ್ಧ ತಾಸಾದ ಮೇಲೆ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಸುಟ್ಟರೆ ಸ್ವಿಚ್ ಆರಿಸಿ.

6. ಚಾರ್ಜರ್ ಮುಂದೆ

ಕಾರು ಆಫ್ ಮಾಡಿ, ಗನ್ ಒತ್ತಿ ಹಾಕಿ. 'ಟಕ್' ಅಂತ ಬೀಗ ಬೀಳಬೇಕು. ಆ ವೈರು ಭಾರ, ಕೆಳಗೆ ಜೋತುಬಿದ್ದು ಗನ್ ಓರೆಯಾದರೆ ಚಾರ್ಜಿಂಗ್ ಶುರುವೇ ಆಗುವುದಿಲ್ಲ. ಮೊದಲ ಅರ್ಧ ನಿಮಿಷ ಕೈಯಿಂದ ಹಿಡಿದಿರಿ. ಶುರುವಾಯಿತು ಅಂತ ಊಟಕ್ಕೆ ಓಡಬೇಡಿ, ಎರಡು ನಿಮಿಷ ನಿಂತು ಸ್ಕ್ರೀನ್ ಮೇಲೆ ಎಷ್ಟು ಕಿಲೋವ್ಯಾಟ್ ಬರುತ್ತಿದೆ ನೋಡಿ.

"60 ಕಿಲೋವ್ಯಾಟ್ ಅಂತ ಬೋರ್ಡ್ ಇದೆ, ನನಗೆ 28 ಬರ್ತಿದೆ, ಮೋಸ" ಅಂತ ಬಹಳ ಜನ ಹೇಳುತ್ತಾರೆ. ಮೋಸ ಅಲ್ಲ. ಎರಡು ಗನ್ ಇರುವ 60ರ ಚಾರ್ಜರ್‌ಗೆ ಎರಡು ಕಾರು ನಿಂತರೆ ಅರ್ಧರ್ಧ ಹಂಚಿಕೆಯಾಗುವುದುಂಟು. ಅಥವಾ ನಿಮ್ಮ ಕಾರೇ ಅಷ್ಟಕ್ಕಿಂತ ಜಾಸ್ತಿ ತಗೊಳ್ಳುವುದಿಲ್ಲ. ಅಥವಾ ಮೇ ತಿಂಗಳ ಮಧ್ಯಾಹ್ನ ಬ್ಯಾಟರಿ ಕಾದಿದೆ, ಕಾರು ತಾನೇ ವೇಗ ಇಳಿಸಿದೆ.

ಶೇಕಡಾ 80 ದಾಟಿದ ಮೇಲೆ ವೇಗ ಬೀಳುತ್ತದೆ. ಕೊಡ ತುಂಬುವಾಗ ಕೊನೆಗೆ ನಲ್ಲಿ ಸಣ್ಣ ಮಾಡುತ್ತೀರಲ್ಲ, ಹಾಗೆ. 80ರಿಂದ 100ಕ್ಕೆ ಹೋಗುವ ಹೊತ್ತಿನಲ್ಲಿ ಹಿಂದೆ ಒಬ್ಬರು 10% ಇಟ್ಟುಕೊಂಡು ಕಾಯುತ್ತಿರಬಹುದು. ಮುಂದಿನ ದಾರಿಗೆ ಬೇಕಾದಷ್ಟು ಆಯಿತಾ, ತೆಗೆದು ಹೊರಡಿ. ಗನ್ ಬರದಿದ್ದರೆ ಜಗ್ಗಾಡಬೇಡಿ, ಆ್ಯಪ್‌ನಲ್ಲಿ ಸ್ಟಾಪ್ ಒತ್ತಿ, ಕಾರನ್ನು ಒಮ್ಮೆ ಲಾಕ್ ಮಾಡಿ ಅನ್‌ಲಾಕ್ ಮಾಡಿ, ಬರುತ್ತದೆ.

7. ಬೆಳಗಾವಿಯವರಿಗೆ: ಘಾಟ್ ಲೆಕ್ಕ

ಚೋರ್ಲಾ ಘಾಟ್ ಮೇಲೆ ಪಣಜಿಗೆ ಸುಮಾರು 125 ಕಿಮೀ. ಹೋದವರು "ಏನ್ರಿ, ಇಳಿಯುವಾಗ ಚಾರ್ಜ್ ಜಾಸ್ತಿ ಆಯ್ತು!" ಅಂತ ಖುಷಿಯಿಂದ ಹೇಳುತ್ತಾರೆ. ಹೌದು, ರೀಜೆನ್ ಕೆಲಸ ಮಾಡಿದೆ. ಆ ಖುಷಿಯಲ್ಲಿ ವಾಪಸ್ ಬರುವಾಗಲೂ ಅಷ್ಟೇ ಖರ್ಚು ಅಂದುಕೊಂಡರೆ ಕೆಟ್ಟಿರಿ.

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಜನ, ಸಾಮಾನು ಸೇರಿ 1,800 ಕೆಜಿ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲು 3.7 ಯೂನಿಟ್ ಬೇಕು, ಮೋಟಾರಿನಲ್ಲಿ ವ್ಯರ್ಥವಾಗುವುದು ಸೇರಿ ನಾಲ್ಕರ ಮೇಲೆ. ಇದು ಮಾಮೂಲು ಖರ್ಚಿನ ಮೇಲೆ ಹೆಚ್ಚುವರಿ. ಹಾಗಾಗಿ ಪಣಜಿಯಿಂದ ಹೊರಡುವಾಗ 125 ಕಿಮೀ ಅಲ್ಲ, 155 ಕಿಮೀ ದಾರಿ ಅಂತ ಲೆಕ್ಕ ಹಿಡಿಯಿರಿ. ಗೋವಾದಲ್ಲಿ ತುಂಬಿಸಿಕೊಂಡೇ ಘಾಟ್ ಹತ್ತಿ, ಘಾಟಿನಲ್ಲಿ ನೆಟ್‌ವರ್ಕ್ ಕೂಡ ಅಲ್ಲಲ್ಲಿ ಕಡಿಯುತ್ತದೆ.

8. ಎಲ್ಲ ಮಾಡಿಯೂ ಚಾರ್ಜ್ ಮುಗಿಯಲು ಬಂದರೆ

ಶೇಕಡಾ 10ಕ್ಕೆ ಬಂದಾಗಲೇ ಎಚ್ಚೆತ್ತುಕೊಳ್ಳಿ, 3ಕ್ಕಲ್ಲ. ಎಸಿ ಬಂದ್ ಮಾಡಿ, 45–50ರ ವೇಗಕ್ಕೆ ಇಳಿಯಿರಿ. ಆ ವೇಗದಲ್ಲಿ ಉಳಿದ ಮೂರು ಯೂನಿಟ್ 25 ಕಿಮೀ ಎಳೆಯಬಹುದು. ಈಗ ಹುಡುಕಬೇಕಾದದ್ದು ಫಾಸ್ಟ್ ಚಾರ್ಜರ್ ಅಲ್ಲ, ಒಂದು 15 ಆಂಪ್ ಪ್ಲಗ್. ಹೋಟೆಲ್, ವೆಲ್ಡಿಂಗ್ ಅಂಗಡಿ, ಪೆಟ್ರೋಲ್ ಬಂಕ್, ಯಾರದ್ದಾದರೂ ಮನೆ. ನಮ್ಮ ಕಡೆ ಜನ ಇಲ್ಲ ಅನ್ನುವುದು ಕಡಿಮೆ, ಚಹಾ ಕೂಡ ಕೊಡುತ್ತಾರೆ. ಒಂದು ತಾಸು ಹಚ್ಚಿದರೆ 20 ಕಿಮೀ ಬರುತ್ತದೆ. ಹೊಲದ ಪಂಪ್‌ಸೆಟ್ ಲೈನಿಗೆ ಮಾತ್ರ ಕೈ ಹಚ್ಚಬೇಡಿ. ಅದು ಕೃಷಿಗೆ ಅಂತ ಕೊಟ್ಟ ಉಚಿತ ಕರೆಂಟ್, ವೋಲ್ಟೇಜೂ ಏರುಪೇರು. ರೈತರಿಗೂ ತೊಂದರೆ, ನಿಮ್ಮ ಕಾರಿಗೂ ತೊಂದರೆ.

ಪೂರಾ ನಿಂತೇ ಹೋದರೆ ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಸಬೇಡಿ. ಚಕ್ರ ತಿರುಗಿದರೆ ಅದರ ಜೊತೆ ಮೋಟಾರೂ ತಿರುಗುತ್ತದೆ, ಸುಟ್ಟುಹೋಗಬಹುದು. ನಾಲ್ಕೂ ಚಕ್ರ ಮೇಲೆ ಇರುವ ಹಾಗೆ ಹೊತ್ತೊಯ್ಯುವ ಫ್ಲಾಟ್‌ಬೆಡ್ ಗಾಡಿಯೇ ಬರಬೇಕು. ಇನ್ಶೂರೆನ್ಸ್ ಅಥವಾ ಕಂಪನಿಯ ರೋಡ್‌ಸೈಡ್ ಅಸಿಸ್ಟೆನ್ಸ್ ನಂಬರನ್ನು ಫೋನಿನಲ್ಲಿ ಅಷ್ಟೇ ಅಲ್ಲ, ಆ ಚೀಟಿಯ ಹಿಂದೆಯೂ ಬರೆದಿಡಿ. ಕಾರಿನ ಚಾರ್ಜ್ ಮುಗಿಯುವ ದಿನವೇ ಫೋನಿನ ಚಾರ್ಜೂ ಮುಗಿದಿರುತ್ತದೆ.